ಹಳೇ ಮನೆಯ ಪಿಂಗಾಣಿ ಫ್ಯೂಸ್: ತಂತಿ ಹಾಕುವುದು ಹೇಗೆ, ಯಾವಾಗ ಕಿತ್ತು ಎಂಸಿಬಿ ಹಾಕಿಸಬೇಕು

ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆ, ಜಯನಗರದ ಹಳೇ ಬ್ಲಾಕುಗಳು. ಇಲ್ಲೆಲ್ಲ ಇನ್ನೂ ಎಷ್ಟೋ ಮನೆಗಳ ಮೀಟರ್ ಬೋರ್ಡ್ ಮೆಟ್ಟಿಲ ಕೆಳಗೇ ಇದೆ. ಒಂದು ತೇಗದ ಹಲಗೆ, ಅದರ ಮೇಲೆ ಮೀಟರ್, ಪಕ್ಕದಲ್ಲಿ ಕಬ್ಬಿಣದ ಪೆಟ್ಟಿಗೆಯ ಮೈನ್ ಸ್ವಿಚ್, ಕೆಳಗೆ ಸಾಲಾಗಿ ನಾಲ್ಕೋ ಆರೋ ಬಿಳಿ ಪಿಂಗಾಣಿ ಫ್ಯೂಸ್. ಅಂಗಡಿಯಲ್ಲಿ ಇದಕ್ಕೆ ಕಿಟ್‌ಕ್ಯಾಟ್ ಫ್ಯೂಸ್ ಅನ್ನುತ್ತಾರೆ. ಮೀಟರ್ ಮಾತ್ರ ಡಿಜಿಟಲ್ ಆಗಿರುತ್ತದೆ, ಉಳಿದದ್ದೆಲ್ಲ ಕೆಇಬಿ ಕಾಲದ್ದು. ಅದರ ಕೆಳಗೆ ಹಳೇ ಪೇಪರ್ ಕಟ್ಟು, ಚಪ್ಪಲಿ ಸ್ಟ್ಯಾಂಡು, ಒಂದು ಸೈಕಲ್ಲು.

ಈ ಫ್ಯೂಸ್ ಕೆಟ್ಟದ್ದು, ಇವತ್ತೇ ಕಿತ್ತು ಬಿಸಾಕಿ ಅಂತ ನಾನು ಹೇಳುವುದಿಲ್ಲ. ಒಳಗೆ ಸರಿಯಾದ ತಂತಿ ಇದ್ದರೆ ಅದು ತನ್ನ ಕೆಲಸ ಮಾಡುತ್ತದೆ. ಆದರೆ ಸರಿಯಾದ ತಂತಿ ಇರುವ ಫ್ಯೂಸ್ ಸಿಗುವುದೇ ಅಪರೂಪ. ಯಾವತ್ತೋ ರಾತ್ರಿ ಫ್ಯೂಸ್ ಹೋಯಿತು, ಕೈಗೆ ಸಿಕ್ಕ ವೈರಿನಿಂದ ಎರಡು ಎಳೆ ಕಿತ್ತು ಸುತ್ತಿದರು, ಲೈಟ್ ಬಂತು, ಎಲ್ಲರೂ ಮರೆತರು. ಆ ಎರಡು ಎಳೆ ಹದಿನೈದು ವರ್ಷದಿಂದ ಅಲ್ಲೇ ಇರುತ್ತದೆ. ಮುಂದಿನವರು ಅದರ ಮೇಲೆ ಇನ್ನೊಂದು ಎಳೆ ಸೇರಿಸಿರುತ್ತಾರೆ.

ಇದನ್ನು ಸರಿಮಾಡುವುದು ಹೇಗೆ, ಎಲ್ಲಿಯವರೆಗೆ ನೀವೇ ಮಾಡಬಹುದು, ಎಲ್ಲಿ ಕೈ ಹಿಂದೆ ತೆಗೆದುಕೊಂಡು ಎಲೆಕ್ಟ್ರಿಷಿಯನ್ ಕರೆಯಬೇಕು ಅನ್ನುವುದನ್ನು ಒಂದೊಂದಾಗಿ ಬರೆಯುತ್ತೇನೆ. ಫ್ಯೂಸ್ ತಂತಿ ಬದಲಾಯಿಸುವುದು ಮನೆಯವರೇ ಮಾಡಬಹುದಾದ ಕೆಲಸ. ಬೋರ್ಡ್ ಬದಲಾಯಿಸುವುದು, ವೈರಿಂಗ್ ಮುಟ್ಟುವುದು ಲೈಸೆನ್ಸ್ ಇರುವವರ ಕೆಲಸ. ಕರೆಂಟ್ ಅಂದರೆ ಕೈ ನಡುಗುವವರು ಮೊದಲನೆಯದನ್ನೂ ಬೇರೆಯವರಿಂದಲೇ ಮಾಡಿಸಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಫ್ಯೂಸ್ ಕಾಯುವುದು ಯಾವುದನ್ನು

ಬಹಳ ಜನ ಫ್ಯೂಸ್ ಇರುವುದು ಟಿವಿ, ಫ್ರಿಜ್ ಉಳಿಸಲು ಅಂದುಕೊಂಡಿದ್ದಾರೆ. ನಿಮಗೆ ಶಾಕ್ ಹೊಡೆಯದ ಹಾಗೆ ಕಾಯುತ್ತದೆ ಅಂತಲೂ ನಂಬಿದ್ದಾರೆ. ಎರಡೂ ತಪ್ಪು. ಮನುಷ್ಯನ ಜೀವ ತೆಗೆಯಲು ಒಂದು ಆಂಪಿಯರಿನ ಹತ್ತರಲ್ಲೊಂದು ಪಾಲೂ ಬೇಕಾಗಿಲ್ಲ, 5 ಆಂಪಿಯರ್ ಫ್ಯೂಸಿಗೆ ಅದು ಗೊತ್ತೇ ಆಗುವುದಿಲ್ಲ. ಫ್ಯೂಸ್ ಕಾಯುವುದು ಗೋಡೆಯೊಳಗಿನ ವೈರನ್ನು. ವೈರಿನಲ್ಲಿ ತಡೆಯಲಾರದಷ್ಟು ಕರೆಂಟ್ ಹರಿದರೆ ಅದು ಬಿಸಿಯಾಗುತ್ತದೆ, ಮೇಲಿನ ಪ್ಲಾಸ್ಟಿಕ್ಕೋ ರಬ್ಬರೋ ಕರಗುತ್ತದೆ, ಆಮೇಲೆ ಬೆಂಕಿ. ಅದಕ್ಕೂ ಮೊದಲೇ ಫ್ಯೂಸಿನ ಸಣ್ಣ ತಂತಿ ಕರಗಿ ದಾರಿ ಕಡಿಯಬೇಕು. ಇಡೀ ಲೈನಿನಲ್ಲಿ ಎಲ್ಲಕ್ಕಿಂತ ಬಡಕಲಾಗಿರಬೇಕಾದ್ದು ಆ ತಂತಿ. ಅಲ್ಲಿ ದಪ್ಪ ತಾಮ್ರ ಹಾಕಿದರೆ ಬಡಕಲು ಜಾಗ ಗೋಡೆಯೊಳಗೆ ಹೋಗುತ್ತದೆ, ಅಷ್ಟೇ.

ಇನ್ನೊಂದು ವಿಷಯ. 15 ಆಂಪಿಯರ್ ತಂತಿ ಅಂದರೆ 16ಕ್ಕೆ ಕರಗುತ್ತದೆ ಅಂತಲ್ಲ. ಈ ಥರದ ಬಿಚ್ಚು ತಂತಿ ಕರಗಲು ಸುಮಾರು ಎರಡು ಪಟ್ಟು ಕರೆಂಟ್ ಬೇಕು, ಅಂದರೆ 30ರ ಹತ್ತಿರ, ಅದೂ ನಿಧಾನವಾಗಿ. ಎಂಸಿಬಿ, ಅಂದರೆ ಕರೆಂಟ್ ಜಾಸ್ತಿಯಾದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್, ಆದರೆ ತನ್ನ ರೇಟಿಂಗಿನ 1.45 ಪಟ್ಟು ಆದಾಗ ಒಂದು ಗಂಟೆಯೊಳಗೆ ಬಿದ್ದೇ ಬೀಳಬೇಕು. ಆದ್ದರಿಂದ ಪಿಂಗಾಣಿ ಫ್ಯೂಸಿಗೆ ತಂತಿ ಆರಿಸುವಾಗ ಕೈ ಸ್ವಲ್ಪ ಬಿಗಿ ಇರಲಿ.

ಮೊದಲು ಬೋರ್ಡ್ ನೋಡಿ ಅರ್ಥ ಮಾಡಿಕೊಳ್ಳಿ

ಫ್ಯೂಸ್ ಹೋದ ರಾತ್ರಿ ಟಾರ್ಚ್ ಹಿಡಿದುಕೊಂಡು ಕಲಿಯುವ ಪಾಠ ಇದಲ್ಲ. ಒಂದು ಭಾನುವಾರ ಬೆಳಕಿದ್ದಾಗ, ಏನನ್ನೂ ಮುಟ್ಟದೆ, ಸುಮ್ನೆ ನಿಂತು ನೋಡಿ.

ಕಂಬದಿಂದ ಸರ್ವೀಸ್ ವೈರ್ ಬರುತ್ತದೆ. ಅದು ಮೊದಲು ಸೇರುವುದು ಬೆಸ್ಕಾಂನವರ ಕಟ್‌ಔಟಿಗೆ, ಅದೂ ಒಂದು ಪಿಂಗಾಣಿ ಫ್ಯೂಸೇ. ಅಲ್ಲಿಂದ ಮೀಟರಿಗೆ. ಮೀಟರ್ ದಾಟಿದ ಮೇಲೆ ಮೈನ್ ಸ್ವಿಚ್, ಆಮೇಲೆ ನಿಮ್ಮ ಫ್ಯೂಸುಗಳು, ಅಲ್ಲಿಂದ ಒಂದೊಂದು ಲೈನ್ ಒಂದೊಂದು ಕಡೆಗೆ. ಮೀಟರ್ ಮತ್ತು ಅದಕ್ಕಿಂತ ಹಿಂದಿನದೆಲ್ಲ ಬೆಸ್ಕಾಂನದು. ಸೀಲ್ ಇರಲಿ, ಇಲ್ಲದಿರಲಿ, ಆ ಕಟ್‌ಔಟ್ ಮುಟ್ಟಬೇಡಿ. ನಿಮ್ಮ ಮನೆಯ ಯಾವ ಸ್ವಿಚ್ಚಿನಿಂದಲೂ ಅದರ ಕರೆಂಟ್ ತೆಗೆಯಲು ಆಗುವುದಿಲ್ಲ. ಅದಲ್ಲದೆ ಮೀಟರಿಗೆ ಕೈ ಹಾಕುವುದು 2003ರ ವಿದ್ಯುತ್ ಕಾಯ್ದೆ ಪ್ರಕಾರ ಅಪರಾಧ. ಆ ಫ್ಯೂಸ್ ಹೋಗಿದೆ ಅನ್ನಿಸಿದರೆ 1912ಕ್ಕೆ ಫೋನ್ ಮಾಡಿ, ಲೈನ್‌ಮ್ಯಾನ್ ಬರಲಿ.

ನಿಮ್ಮ ಫ್ಯೂಸುಗಳಲ್ಲಿ ಎರಡು ಭಾಗ. ಹಲಗೆಗೆ ಸ್ಕ್ರೂ ಹಾಕಿ ಕೂರಿಸಿದ್ದು ಬೇಸ್. ಕೈಯಿಂದ ಎಳೆದರೆ ಬರುವುದು ಕ್ಯಾರಿಯರ್. ಕ್ಯಾರಿಯರಿನ ಎರಡು ತುದಿಗೆ ಹಿತ್ತಾಳೆಯದೋ ತಾಮ್ರದ್ದೋ ನಾಲಿಗೆ, ನಡುವೆ ಒಂದು ಗಾಡಿ, ಅಂದರೆ ಉದ್ದಕ್ಕೆ ತೋಡಿದ ಸಣ್ಣ ಕಾಲುವೆ, ಆ ಗಾಡಿಯಲ್ಲಿ ತಂತಿ. ಪಿಂಗಾಣಿಯ ಮೇಲೆ 16 ಆಂಪಿಯರ್, 240 ವೋಲ್ಟ್ ಅಂತ ಉಬ್ಬಚ್ಚು ಇರುತ್ತದೆ. ಅದು ಆ ಪಿಂಗಾಣಿ ತಡೆಯುವ ಗರಿಷ್ಠ. ಅಷ್ಟೇ ತಂತಿ ಹಾಕಬೇಕು ಅನ್ನುವ ಸೂಚನೆ ಅಂತ ಓದಬೇಡಿ. ಎಲೆಕ್ಟ್ರಿಷಿಯನ್‌ಗಳೂ ಹಾಗೆ ಓದುವುದನ್ನು ನೋಡಿದ್ದೇನೆ.

ಯಾವ ಫ್ಯೂಸ್ ಯಾವ ರೂಮಿಗೆ ಅನ್ನುವುದನ್ನು ಗುರುತು ಮಾಡಿ. ಯುಪಿಎಸ್ ಇದ್ದರೆ ಮೊದಲು ಅದನ್ನು ಆಫ್ ಮಾಡಿ. ಆಮೇಲೆ ಮೈನ್ ಆಫ್ ಮಾಡಿ, ಒಂದು ಕ್ಯಾರಿಯರ್ ತೆಗೆದು, ಮೈನ್ ಆನ್ ಮಾಡಿ ಮನೆಯೆಲ್ಲ ಸುತ್ತಿ ಯಾವುದು ಹೋಯಿತು ನೋಡಿ. ಮತ್ತೆ ಮೈನ್ ಆಫ್ ಮಾಡಿ ಅದನ್ನು ವಾಪಸ್ ಹಾಕಿ, ಮುಂದಿನದಕ್ಕೆ ಹೋಗಿ. "ಅಡುಗೆಮನೆ ಪ್ಲಗ್", "ಹಾಲ್ ಲೈಟ್", "ಗೀಸರ್" ಅಂತ ಚೀಟಿ ಅಂಟಿಸಿ. ಖಾಲಿ ಬೇಸಿನೊಳಗೆ ಕರೆಂಟ್ ಇರುತ್ತದೆ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಕರೆಂಟ್ ಹೋಯಿತು. ಈಗೇನು?

ಮೊದಲು ಆಚೆ ಬಂದು ಪಕ್ಕದ ಮನೆ, ಬೀದಿ ದೀಪ ನೋಡಿ. ಇಡೀ ರೋಡಿಗೇ ಇಲ್ಲದಿದ್ದರೆ ನಿಮ್ಮ ಫ್ಯೂಸಿನ ತಪ್ಪಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಮರದ ಕೊಂಬೆ ಲೈನಿನ ಮೇಲೆ ಬೀಳುವುದು ಬೆಂಗಳೂರಿಗೆ ಹೊಸದಲ್ಲ. ನಿಮ್ಮ ಮನೆಗೆ ಮಾತ್ರ ಇಲ್ಲ ಅಂದರೆ ಬೋರ್ಡಿನ ಹತ್ತಿರ ಹೋಗಿ.

ಮುಟ್ಟುವ ಮೊದಲು ಮೂಗಿಗೆ ಕೆಲಸ ಕೊಡಿ. ಸುಟ್ಟ ವಾಸನೆ ಇದೆಯಾ? ಹಲಗೆ ಕಪ್ಪಾಗಿದೆಯಾ? ಗೋಡೆ ಒದ್ದೆ ಇದೆಯಾ? ಇದರಲ್ಲಿ ಒಂದಕ್ಕೆ ಹೌದು ಅಂದರೂ ಅಲ್ಲಿಗೆ ನಿಲ್ಲಿಸಿ. ಒಣ ಜಾಗದಲ್ಲಿ ನಿಂತು ಮೈನ್ ಹಿಡಿ ಮುಟ್ಟಲು ಆಗುವಂತಿದ್ದರೆ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕರೆಯಿರಿ. ಹಲಗೆ ಹೊತ್ತಿಕೊಂಡಿದ್ದರೆ ನೀರು ಎರಚಬೇಡಿ.

ಎಲ್ಲ ಸರಿ ಇದ್ದರೆ ರಬ್ಬರ್ ಚಪ್ಪಲಿ ಹಾಕಿಕೊಂಡು, ಒಣ ಮರದ ಸ್ಟೂಲಿನ ಮೇಲೋ ಮಣೆಯ ಮೇಲೋ ನಿಲ್ಲಿ. ಟಾರ್ಚ್, ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಟೆಸ್ಟರ್, ಫ್ಯೂಸ್ ವೈರ್ ಕೈಗೆ ಸಿಗುವಂತಿರಲಿ. ಮೊಬೈಲ್ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಮಾಡುವ ಕೆಲಸ ಅಲ್ಲ ಇದು. ಮನೆಯಲ್ಲಿ ಇನ್ನೊಬ್ಬರು ಎಚ್ಚರ ಇರಲಿ, ಅವರೇ ಬೆಳಕು ಹಿಡಿಯಲಿ.

ಕಬ್ಬಿಣದ ಮೈನ್ ಸ್ವಿಚ್ ಪೆಟ್ಟಿಗೆಗೆ ಮೊದಲು ಟೆಸ್ಟರ್ ಇಟ್ಟು ನೋಡಿ. ಅರ್ಥ್ ತುಂಡಾಗಿ ಪೆಟ್ಟಿಗೆಗೇ ಕರೆಂಟ್ ಬಂದಿರುವ ಬೋರ್ಡುಗಳು ಇವೆ. ಟೆಸ್ಟರ್ ಉರಿದರೆ ಮುಟ್ಟಬೇಡಿ, 1912ಕ್ಕೆ ಫೋನ್ ಮಾಡಿ.

ಮೈನ್ ಆಫ್ ಮಾಡಿದರೆ ಎಲ್ಲ ಆಫ್ ಆಯಿತಾ?

ಇಲ್ಲ. ಬೆಂಗಳೂರಿನ ಮನೆಗಳಲ್ಲಂತೂ ಖಂಡಿತ ಇಲ್ಲ, ಏಕೆಂದರೆ ಬಹಳ ಮನೆಗಳಲ್ಲಿ ಯುಪಿಎಸ್ ಇದೆ. ಮೈನ್ ಆಫ್ ಮಾಡಿದ ಕೂಡಲೇ ಯುಪಿಎಸ್ ತನ್ನ ಪಾಡಿಗೆ ಆನ್ ಆಗಿ ಲೈಟು ಫ್ಯಾನಿನ ಲೈನುಗಳಿಗೆ 230 ವೋಲ್ಟ್ ಕೊಡುತ್ತಿರುತ್ತದೆ. ಬ್ಯಾಟರಿಯಿಂದ ಬಂದದ್ದಾದರೂ ಶಾಕ್ ಅದೇ ಶಾಕ್. ಹಳೇ ಬೋರ್ಡಿಗೆ ಆಮೇಲೆ ಯುಪಿಎಸ್ ಸೇರಿಸಿದವರು ಯಾವ ತಂತಿಯನ್ನು ಎಲ್ಲಿಂದ ತೆಗೆದುಕೊಂಡಿದ್ದಾರೆ ಅನ್ನುವುದು ಅವರಿಗೇ ಗೊತ್ತು. ಹಾಗಾಗಿ ಮೊದಲು ಯುಪಿಎಸ್ ಸ್ವಿಚ್ ಆಫ್, ಮನೆಯೆಲ್ಲ ಕತ್ತಲಾಗಲಿ, ಆಮೇಲೆ ಮೈನ್ ಆಫ್.

ಮೈನ್ ಹಿಡಿಯನ್ನು ಕೆಳಗೆ ಎಳೆದ ಮೇಲೂ ಸ್ವಿಚ್ಚಿನ ಒಳಗೆ ಮೀಟರಿನಿಂದ ತಂತಿ ಬಂದು ಸೇರುವ ಕಡೆ ಕರೆಂಟ್ ಇದ್ದೇ ಇರುತ್ತದೆ. ಆ ಪೆಟ್ಟಿಗೆಯ ಮುಚ್ಚಳ ತೆಗೆಯಬೇಡಿ. ಹೊರಗಿನ ಫ್ಯೂಸುಗಳಷ್ಟೇ ನಿಮ್ಮ ಕೆಲಸ. ಮುಖ್ಯ ಫ್ಯೂಸ್ ಪೆಟ್ಟಿಗೆಯೊಳಗೇ ಇದ್ದು ಅದೇ ಹೋಗಿದ್ದರೆ ಎಲೆಕ್ಟ್ರಿಷಿಯನ್ ಕರೆಯುವುದು ಒಳ್ಳೆಯದು.

ಆಮೇಲೆ ಖಾತ್ರಿ ಮಾಡಿಕೊಳ್ಳಿ. ನಿಯಾನ್ ಟೆಸ್ಟರನ್ನು ಪೂರ್ತಿ ನಂಬಬೇಡಿ. ಮರದ ಮಣೆಯ ಮೇಲೆ ರಬ್ಬರ್ ಚಪ್ಪಲಿಯಲ್ಲಿ ನಿಂತಾಗ ಅದು ತೀರ ಮಂದವಾಗಿ ಉರಿಯಬಹುದು, ನಿಮ್ಮ ಕಣ್ಣಿಗೆ ಕಾಣದೇ ಹೋಗಬಹುದು. ಮಲ್ಟಿಮೀಟರ್ ಇದ್ದರೆ ಉತ್ತಮ. ಯಾವುದೇ ಇರಲಿ, ಕರೆಂಟ್ ಇರುವುದು ಗೊತ್ತಿರುವ ಕಡೆ ಇಟ್ಟು ಅದು ಕೆಲಸ ಮಾಡುತ್ತಿದೆಯಾ ಅಂತ ಮೊದಲೇ ನೋಡಿಟ್ಟುಕೊಳ್ಳಿ, ಮೈನ್ ಆಫ್ ಮಾಡುವುದಕ್ಕೂ ಮುಂಚೆ.

ಮಹಡಿಯಲ್ಲಿ ಬಾಡಿಗೆಯವರಿದ್ದರೆ, ಬೋರ್ಡ್ ಎಲ್ಲರಿಗೂ ಒಂದೇ ಕಡೆ ಇದ್ದರೆ, ಅವರಿಗೂ ಹೇಳಿ. "ಯಾರೋ ಮೈನ್ ಬೀಳಿಸಿದ್ದಾರೆ ನೋಡು" ಅಂತ ಬಂದು ಆನ್ ಮಾಡಿಬಿಡುವವರು ಒಳ್ಳೆಯವರೇ ಆಗಿರುತ್ತಾರೆ.

ಮೂರು ಫೇಸ್, ಅಂದರೆ ಕರೆಂಟ್ ತರುವ ತಂತಿ ಮೂರು ಇರುವ ಮನೆಯವರಿಗೆ ಒಂದು ಮಾತು. ಒಂದು ಫೇಸ್ ಹೋದಾಗ ಕ್ಯಾರಿಯರ್ ಕಿತ್ತು ಪಕ್ಕದ ಬೇಸಿಗೆ ಹಾಕಿ "ಫೇಸ್ ಚೇಂಜ್" ಮಾಡುವ ಅಭ್ಯಾಸ ಇಲ್ಲಿ ಹಳೆಯದು. ಎರಡು ಫೇಸ್ ನಡುವೆ ಇರುವುದು 400 ವೋಲ್ಟಿಗೂ ಜಾಸ್ತಿ. ಹಳೆಯದನ್ನು ಕೀಳುವ ಮೊದಲೇ ಇನ್ನೊಂದು ಕ್ಯಾರಿಯರ್ ಸೇರಿಸಿದರೆ, ಆಚೆ ಕಡೆ ಎರಡೂ ಒಂದೇ ತಂತಿಗೆ ಸೇರಿದ್ದರೆ, ಫೇಸಿಗೆ ಫೇಸ್ ನೇರವಾಗಿ ಕೂಡಿ ನಿಮ್ಮ ಮುಖದೆದುರೇ ಸಿಡಿಯುತ್ತದೆ. ಅದಕ್ಕೆ ಫೇಸ್ ಸೆಲೆಕ್ಟರ್ ಸ್ವಿಚ್ ಸಿಗುತ್ತದೆ, ಹಾಕಿಸಿ.

ಕ್ಯಾರಿಯರ್ ಕಿತ್ತು ಓದುವುದು

ಪಿಂಗಾಣಿಯನ್ನು ಗಟ್ಟಿಯಾಗಿ ಹಿಡಿದು ನೇರವಾಗಿ ನಿಮ್ಮ ಕಡೆಗೆ ಎಳೆಯಿರಿ. ಓರೆ ಮಾಡಿ ತಿರುಚಿದರೆ ಬೇಸಿನ ಹಿಡಿತ ಸಡಿಲ ಆಗುತ್ತದೆ, ಹಳೇ ಪಿಂಗಾಣಿಯಾದರೆ ಒಡೆಯುತ್ತದೆ. ಬೆರಳು ಲೋಹದ ನಾಲಿಗೆಯ ಹತ್ತಿರ ಹೋಗದಿರಲಿ.

ಈಗ ಅದನ್ನು ಬೆಳಕಿಗೆ ಹಿಡಿದು ನೋಡಿ. ತಂತಿ ಹೇಗೆ ಹೋಗಿದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ನಡುವೆ ಒಂದೆರಡು ಮಿಲಿಮೀಟರ್ ಮಾತ್ರ ಕರಗಿ, ಎರಡೂ ತುದಿಯಲ್ಲಿ ಸಣ್ಣ ಗುಂಡು ನಿಂತು, ಪಿಂಗಾಣಿ ಹೆಚ್ಚುಕಡಿಮೆ ಬಿಳಿಯಾಗೇ ಇದ್ದರೆ ಅದು ಓವರ್‌ಲೋಡ್. ಒಂದೇ ಲೈನಿನಲ್ಲಿ ಗೀಸರ್, ಇಸ್ತ್ರಿ ಪೆಟ್ಟಿಗೆ, ಇಂಡಕ್ಷನ್ ಒಲೆ ಒಟ್ಟಿಗೆ ಓಡಿರಬೇಕು. ತಂತಿ ಪೂರ್ತಿ ಮಾಯವಾಗಿ, ಗಾಡಿಯೆಲ್ಲ ಕಪ್ಪು ಮಸಿ ಹಿಡಿದು, ತಾಮ್ರದ ಸಣ್ಣ ಸಣ್ಣ ಹನಿ ಅಂಟಿಕೊಂಡಿದ್ದರೆ ಅದು ಶಾರ್ಟ್. ಎಲ್ಲೋ ಫೇಸೂ, ಕರೆಂಟ್ ವಾಪಸ್ ಹೋಗುವ ತಂತಿಯಾದ ನ್ಯೂಟ್ರಲ್ಲೂ ನೇರ ಮುಟ್ಟಿವೆ. ಹಲ್ಲಿಯೋ ಇಲಿಯೋ ಕಾರಣವಾಗಿದ್ದರೆ ಸಾಕ್ಷಿಯೂ ಅಲ್ಲೇ ಬಿದ್ದಿರುತ್ತದೆ. ಮೂರನೆಯದು, ತಂತಿ ಸ್ಕ್ರೂ ಹತ್ತಿರವೇ ತುಂಡಾಗಿ ಅಲ್ಲಿ ಹಿತ್ತಾಳೆ ನೀಲಿ ಕಂದು ಬಣ್ಣಕ್ಕೆ ತಿರುಗಿದ್ದರೆ ಲೋಡಿನ ತಪ್ಪಲ್ಲ, ಸ್ಕ್ರೂ ಸಡಿಲ ಇತ್ತು, ಅಲ್ಲಿ ಬಿಸಿಯಾಗಿ ಹೋಗಿದೆ. ಈ ಮೂರನೆಯ ಥರದ್ದನ್ನು ಜನ ಗಮನಿಸುವುದೇ ಇಲ್ಲ, ಆದರೆ ಹಳೇ ಬೋರ್ಡುಗಳಲ್ಲಿ ಬಹಳ ಕಾಣುವುದು ಇದೇ.

ತೀರಾ ಹಳೇ ಕ್ಯಾರಿಯರುಗಳ ಗಾಡಿಯಲ್ಲಿ ಬೂದು ಬಿಳಿ ಬಣ್ಣದ ದಾರದಂಥದ್ದೋ ಕಾಗದದಂಥದ್ದೋ ಹಾಸು ಇದ್ದರೆ ಅದು ಆಸ್ಬೆಸ್ಟಾಸ್ ಆಗಿರಬಹುದು. ಕೆರೆಯಬೇಡಿ, ಊದಬೇಡಿ. ಹಾಗೇ ಕವರಿಗೆ ಹಾಕಿ ಕಟ್ಟಿ ಬೇರೆ ಕ್ಯಾರಿಯರ್ ತನ್ನಿ. ಪಿಂಗಾಣಿ ಬಿರುಕು ಬಿಟ್ಟಿದ್ದರೂ ಹೊಸದೇ ಬೇಕು, ಫೆವಿಕ್ವಿಕ್ ಹಾಕುವ ಜಾಗ ಅಲ್ಲ.

ತಂತಿ ಹಾಕುವ ಮೊದಲು ಕಾರಣ ಹುಡುಕಿ. ಆ ಲೈನಿನ ಎಲ್ಲ ಸ್ವಿಚ್ ಆಫ್ ಮಾಡಿ, ಎಲ್ಲ ಪ್ಲಗ್ ಕಿತ್ತುಬಿಡಿ. ಫ್ಯೂಸ್ ಹೋದ ಕ್ಷಣದಲ್ಲಿ ಯಾರು ಏನು ಆನ್ ಮಾಡಿದರು ಅಂತ ಕೇಳಿ. ಮಳೆಗಾಲದಲ್ಲಿ ಗೇಟಿನ ಲೈಟು, ಟೆರೇಸಿನ ಪ್ಲಗ್ಗು, ಸಂಪಿನ ಮೋಟರ್ ಮೇಲೆ ಮೊದಲ ಅನುಮಾನ ಇರಲಿ. ಉಳಿದ ಕಾಲದಲ್ಲಿ ಗೀಸರಿನ ಎಲಿಮೆಂಟು, ಇಸ್ತ್ರಿ ಪೆಟ್ಟಿಗೆಯ ವೈರು.

ಯಾವ ತಂತಿ

ಫ್ಯೂಸ್ ವೈರ್ ಅಂತಲೇ ಕೇಳಿ ತರಬೇಕು. ತವರ ಲೇಪಿಸಿದ ತಾಮ್ರದ ತಂತಿ, ಬೆಳ್ಳಿ ಬಣ್ಣ ಇರುತ್ತದೆ. ಬಿವಿಕೆ ಅಯ್ಯಂಗಾರ್ ರಸ್ತೆಯವರೆಗೂ ಹೋಗಬೇಕಾಗಿಲ್ಲ, ನಿಮ್ಮ ಬಡಾವಣೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಅಂಗಡಿಯವರು ಆಂಪಿಯರ್ ಹೇಳದೆ ಒಂದು ಸುರುಳಿ ಕೊಟ್ಟರೆ ದಪ್ಪ ಕೇಳಿ. ತವರ ಲೇಪಿಸಿದ ತಾಮ್ರಕ್ಕೆ ಲೆಕ್ಕ ಹೀಗೆ: 5 ಆಂಪಿಯರಿಗೆ 0.2 ಮಿಲಿಮೀಟರ್, 10ಕ್ಕೆ 0.35, 15ಕ್ಕೆ 0.5, 20ಕ್ಕೆ 0.6.

ಬರೀ ಲೈಟು ಫ್ಯಾನು ಇರುವ ಲೈನಿಗೆ 5 ಸಾಕು. ಈಗ ಎಲ್ಇಡಿ ಬಂದ ಮೇಲೆ ಇಡೀ ಮನೆಯ ಲೈಟು ಫ್ಯಾನು ಸೇರಿ 3 ಆಂಪಿಯರ್ ದಾಟುವುದು ಕಷ್ಟ. ಪವರ್ ಪ್ಲಗ್ಗಿಗೆ 15, ಅದೂ ವೈರ್ 2.5 ಚದರ ಮಿಲಿಮೀಟರ್ ತಾಮ್ರ ಇದ್ದರೆ. ಲೋಡ್ ಲೆಕ್ಕ ಸುಲಭ, ವಾಟನ್ನು 230ರಿಂದ ಭಾಗಿಸಿ. 2000 ವಾಟಿನ ಗೀಸರ್ ಸುಮಾರು 8.7 ಆಂಪಿಯರ್. 3000 ವಾಟಿನ ಇನ್‌ಸ್ಟಂಟ್ ಗೀಸರ್ 13. 1000 ವಾಟಿನ ಇಸ್ತ್ರಿ ಪೆಟ್ಟಿಗೆ 4.3. 750 ವಾಟಿನ ಮಿಕ್ಸಿ 3.3. ಹಳೇ ಲೈನೊಂದರಲ್ಲಿ 2000 ವಾಟಿನ ಗೀಸರ್ ಓಡುವಾಗಲೇ ಅಷ್ಟೇ ವಾಟಿನ ಇಂಡಕ್ಷನ್ ಒಲೆ ಹಚ್ಚಿದರೆ 17 ದಾಟಿತು ನೋಡಿ.

ಗೋಡೆಯೊಳಗಿನ ವೈರ್ ಅಲ್ಯೂಮಿನಿಯಂ ಆಗಿದ್ದರೆ ಅದೇ ದಪ್ಪದ ತಾಮ್ರದಷ್ಟು ಕರೆಂಟ್ ಅದು ತಡೆಯುವುದಿಲ್ಲ. ಅರವತ್ತರ ದಶಕದಿಂದ ಎಂಬತ್ತರವರೆಗೆ ಕಟ್ಟಿದ ಮನೆಗಳಲ್ಲಿ ಅಲ್ಯೂಮಿನಿಯಂ ಬಹಳ. ಅಂಥ ಪ್ಲಗ್ ಲೈನಿಗೆ 10ರ ತಂತಿ ಹಾಕಿ, ಗೀಸರಿಗೆ ಬೇರೆ ತಾಮ್ರದ ಲೈನ್ ಎಳೆಸಿ. ಅಡಿಗಡಿಗೆ ಫ್ಯೂಸ್ ಹೋಗುತ್ತದೆ ಅನ್ನುತ್ತೀರಾ? ಹೋಗಲಿ ಬಿಡಿ, ಅದು ಲೋಡ್ ಕಮ್ಮಿ ಮಾಡಿ ಅಂತ ಹೇಳುತ್ತಿದೆ.

ಇನ್ನು ಆ ವೈರಿನ ಎಳೆ ವಿಷಯ. ನಾವು ಮನೆಗೆ ತರುವ ಮಲ್ಟಿಸ್ಟ್ರಾಂಡ್ ತಾಮ್ರದ ವೈರಿನಲ್ಲಿ ಒಂದೊಂದು ಎಳೆ ಸಾಮಾನ್ಯವಾಗಿ 0.3 ಮಿಲಿಮೀಟರ್. ಅಂದರೆ ಒಂದೇ ಎಳೆ ಹಾಕಿದರೂ 5 ಆಂಪಿಯರ್ ತಂತಿಗಿಂತ ದಪ್ಪ ಆಯಿತು. ನಾಲ್ಕು ಎಳೆ ಹೊಸೆದರೆ 15 ಆಂಪಿಯರ್ ತಂತಿಗಿಂತ ಜಾಸ್ತಿ ತಾಮ್ರ ಅಲ್ಲಿದೆ. ಲೈಟಿನ ಲೈನಿಗೆ ಹೀಗೆ ನಾಲ್ಕು ಎಳೆ ಸುತ್ತಿದ ಫ್ಯೂಸ್ ಪ್ರತಿ ಹಳೇ ಬೀದಿಯಲ್ಲೂ ಸಿಗುತ್ತದೆ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ, ಹೇರ್‌ಪಿನ್ನು, ಮೊಳೆ, ಇವುಗಳ ಸುದ್ದಿ ಎತ್ತುವುದೇ ಬೇಡ.

ತಂತಿ ಹಾಕುವುದು

ಕ್ಯಾರಿಯರನ್ನು ಬೋರ್ಡಿನ ಹತ್ತಿರ ಇಟ್ಟುಕೊಂಡು ಮಾಡಬೇಡಿ, ಊಟದ ಟೇಬಲ್ಲಿಗೆ ತನ್ನಿ. ಎರಡೂ ಸ್ಕ್ರೂ ಸಡಿಲ ಮಾಡಿ ಹಳೇ ತಂತಿಯ ಚೂರೆಲ್ಲ ತೆಗೆಯಿರಿ. ಗಾಡಿಯಲ್ಲಿ ಮಸಿ ಇದ್ದರೆ ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಒದ್ದೆ ಬಟ್ಟೆ ಬೇಡ. ಅಂಟಿದ ತಾಮ್ರದ ಹನಿಗಳು ಪಿಂಗಾಣಿಯೊಳಗೆ ಹೂತಿದ್ದರೆ ಆ ಕ್ಯಾರಿಯರ್ ಮುಗಿಯಿತು.

ತಂತಿಯನ್ನು ಗಾಡಿಯ ಉದ್ದಕ್ಕಿಂತ ನಾಲ್ಕೈದು ಸೆಂಟಿಮೀಟರ್ ಜಾಸ್ತಿ ಕತ್ತರಿಸಿ. ಒಂದು ತುದಿಯನ್ನು ಸ್ಕ್ರೂ ಸುತ್ತ, ವಾಷರಿನ ಕೆಳಗೆ, ಸ್ಕ್ರೂ ಬಿಗಿಯುವ ದಿಕ್ಕಿಗೇ ಒಂದು ಸುತ್ತು ಸುತ್ತಿ. ಎದುರು ದಿಕ್ಕಿಗೆ ಸುತ್ತಿದರೆ ಬಿಗಿಯುತ್ತ ಹೋದ ಹಾಗೆ ತಂತಿ ಆಚೆ ಬರುತ್ತದೆ. ಬಿಗಿಯಿರಿ, ಆದರೆ ಪೌರುಷ ತೋರಿಸಬೇಡಿ, 0.2ರ ತಂತಿ ವಾಷರ್ ಅಡಿಯಲ್ಲೇ ಅರ್ಧ ಕತ್ತರಿಸಿ ಕೂರುತ್ತದೆ. ಆಮೇಲೆ ಗಾಡಿಯಲ್ಲಿ, ರಂಧ್ರ ಇರುವ ಮಾದರಿಯಾದರೆ ರಂಧ್ರದಲ್ಲಿ, ತಂತಿ ತೂರಿಸಿ ಇನ್ನೊಂದು ತುದಿಗೂ ಹಾಗೇ ಮಾಡಿ. ವೀಣೆಯ ತಂತಿಯ ಹಾಗೆ ಎಳೆದು ಕಟ್ಟಬಾರದು, ಕೂದಲೆಳೆಯಷ್ಟು ಸಡಿಲ ಇರಲಿ. ಬಿಸಿಯಾದಾಗ ಹಿಗ್ಗಿ ತಣ್ಣಗಾದಾಗ ಕುಗ್ಗಲು ಜಾಗ ಬೇಕಲ್ವಾ? ಮಿಕ್ಕ ತುದಿಗಳನ್ನು ಕತ್ತರಿಸಿ. ಯಾವ ತುದಿಯೂ ಪಿಂಗಾಣಿಯ ಅಂಚಿನಾಚೆ ಇಣುಕಬಾರದು.

ಒಂದೇ ತಂತಿ. ಎರಡು ಸುತ್ತಿದರೆ ಎಷ್ಟು ಆಂಪಿಯರಿಗೆ ಹೋಗುತ್ತದೆ ಅನ್ನುವುದು ಹೊಸೆದ ರೀತಿಯ ಮೇಲೆ ನಿಲ್ಲುತ್ತದೆ, ಲೆಕ್ಕ ಸಿಗುವುದಿಲ್ಲ.

ವಾಪಸ್ ಹಾಕುವಾಗ ಮೈನ್ ಇನ್ನೂ ಆಫ್ ಇರಬೇಕು. ನಾಲಿಗೆಗಳು ಬೇಸಿನೊಳಗೆ ಗಟ್ಟಿಯಾಗಿ ಕೂರಬೇಕು. ಸುಮ್ನೆ ಜಾರಿ ಹೋದರೆ ಬೇಸಿನ ಹಿಡಿತ ಸತ್ತಿದೆ, ಅದೂ ಬಿಸಿಯಾಗುವ ಜಾಗವೇ, ಬೇಸ್ ಬದಲಾಯಿಸಬೇಕು. ಮನೆಯ ಲೋಡೆಲ್ಲ ಆಫ್ ಇಟ್ಟು, ಬೋರ್ಡಿನ ಪಕ್ಕಕ್ಕೆ ನಿಂತು, ಮುಖ ಆಚೆ ತಿರುಗಿಸಿ ಮೈನ್ ಆನ್ ಮಾಡಿ. ಹೋಗಲಿಲ್ಲವಾ? ಒಂದೊಂದೇ ಸ್ವಿಚ್ ಹಾಕುತ್ತ ಬನ್ನಿ. ಯಾವುದಕ್ಕೆ ಹೋಗುತ್ತದೋ ಕಳ್ಳ ಅಲ್ಲಿದ್ದಾನೆ. ಲೋಡ್ ಏನೂ ಇಲ್ಲದೇ ಮೈನ್ ಹಾಕಿದ ತಕ್ಷಣ ಹೋದರೆ ತಪ್ಪು ವೈರಿಂಗಿನಲ್ಲೇ ಇದೆ. ಎರಡನೇ ತಂತಿ ಹಾಕಿ ಪರೀಕ್ಷೆ ಮಾಡಬೇಡಿ, ಆ ಕ್ಯಾರಿಯರನ್ನು ಆಚೆಯೇ ಇಟ್ಟು ಉಳಿದ ಲೈನ್ ಓಡಿಸಿಕೊಂಡು ಬೆಳಗಾಗುವವರೆಗೆ ಕಾಯಿರಿ.

ನ್ಯೂಟ್ರಲ್ ಫ್ಯೂಸ್ ಅನ್ನುವ ಮೋಸ

ಇಡೀ ಬರಹದಲ್ಲಿ ಒಂದೇ ಭಾಗ ಓದುತ್ತೀರಾದರೆ ಇದನ್ನು ಓದಿ. ಹಳೇ ಬೋರ್ಡುಗಳಲ್ಲಿ ಪ್ರತಿ ಲೈನಿಗೆ ಎರಡೆರಡು ಫ್ಯೂಸ್ ಇರುತ್ತದೆ, ಒಂದು ಫೇಸಿಗೆ, ಒಂದು ನ್ಯೂಟ್ರಲ್ಲಿಗೆ. ಎರಡು ಇದ್ದರೆ ಎರಡು ಪಟ್ಟು ಭದ್ರ ಅಂತ ಅನ್ನಿಸುತ್ತದೆ. ಆಗುವುದು ಉಲ್ಟಾ. ಓವರ್‌ಲೋಡ್ ಆದಾಗ ಎರಡರಲ್ಲಿ ಯಾವುದು ಬೇಕಾದರೂ ಹೋಗಬಹುದು. ನ್ಯೂಟ್ರಲ್ ಕಡೆಯದು ಹೋದರೆ ಲೈಟ್ ಆರುತ್ತದೆ, ಫ್ಯಾನ್ ನಿಲ್ಲುತ್ತದೆ, ಎಲ್ಲ ಸತ್ತ ಹಾಗೆ ಕಾಣುತ್ತದೆ. ಆದರೆ ಫೇಸ್ ಅಲ್ಲೇ ನಿಂತಿದೆ. ಸ್ವಿಚ್ ಆನ್ ಇರುವ ಪ್ರತಿ ಹೋಲ್ಡರಿನಲ್ಲಿ, ಪ್ರತಿ ಪ್ಲಗ್ಗಿನಲ್ಲಿ 230 ವೋಲ್ಟ್ ಕಾಯುತ್ತಿದೆ. "ಕರೆಂಟ್ ಇಲ್ಲವಲ್ಲ" ಅಂತ ಬಲ್ಬ್ ಬಿಚ್ಚಲು ಹೋದವರು ಅದನ್ನು ಹಿಡಿಯುತ್ತಾರೆ.

ನ್ಯೂಟ್ರಲ್ಲಿಗೆ ಒಂಟಿ ಫ್ಯೂಸ್ ಹಾಕಬಾರದು ಅನ್ನುವುದು ಹೊಸ ಮಾತೇನಲ್ಲ, 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ ಅದು ಇತ್ತು. ಆದರೂ ಬೋರ್ಡುಗಳಲ್ಲಿ ಉಳಿದುಕೊಂಡಿದೆ. ಇದನ್ನು ನೀವೇ ಸರಿಮಾಡಲು ಹೋಗಬೇಡಿ. ನ್ಯೂಟ್ರಲ್ ಕ್ಯಾರಿಯರಿಗೆ ದಪ್ಪ ತಾಮ್ರ ಹಾಕಿಬಿಟ್ಟರೆ ಆಯಿತು ಅನ್ನುವ ಸಲಹೆ ಕೇಳುತ್ತೀರಿ, ಆದರೆ ಯಾವತ್ತೋ ಮೀಟರ್ ಬದಲಾಯಿಸುವಾಗಲೋ ಸರ್ವೀಸ್ ವೈರ್ ಬದಲಾಯಿಸುವಾಗಲೋ ಫೇಸು ನ್ಯೂಟ್ರಲ್ಲು ಅದಲುಬದಲಾಗಿದ್ದರೆ ನೀವು ದಪ್ಪ ತಾಮ್ರ ಹಾಕಿದ್ದು ಫೇಸಿಗೆ. ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಇಟ್ಟು ಯಾವುದು ಯಾವುದು ಅಂತ ಖಾತ್ರಿ ಮಾಡಿಕೊಂಡು ನ್ಯೂಟ್ರಲ್ ಫ್ಯೂಸುಗಳನ್ನು ತೆಗೆದು ಲಿಂಕ್, ಅಂದರೆ ಕರಗದ ಲೋಹದ ಪಟ್ಟಿ, ಹಾಕಲಿ. ಬೋರ್ಡ್ ಬದಲಾಯಿಸಲು ದುಡ್ಡಿಲ್ಲದಿದ್ದರೂ ಈ ಒಂದು ಕೆಲಸ ಮುಂದಕ್ಕೆ ಹಾಕಬೇಡಿ.

ಎಂಸಿಬಿ ಹಾಕಿಸುವಾಗ

ಫ್ಯೂಸ್ ಆಗಾಗ ಹೋಗುತ್ತಿದ್ದರೆ, ಎಸಿ ಅಥವಾ ಗೀಸರ್ ಸೇರಿಸುತ್ತಿದ್ದರೆ, ಮನೆಯಲ್ಲಿ ವಯಸ್ಸಾದವರು ಮಾತ್ರ ಇದ್ದು ತಂತಿ ಹಾಕುವವರು ಯಾರೂ ಇಲ್ಲದಿದ್ದರೆ, ಬದಲಾಯಿಸುವ ಕಾಲ ಬಂದಿದೆ. ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಹಿಡಿಯಿರಿ. ರಾಜ್ಯದಲ್ಲಿ ಆ ಲೈಸೆನ್ಸ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಲೈಸೆನ್ಸ್ ತೋರಿಸಿ ಅಂತ ಕೇಳುವುದಕ್ಕೆ ಸಂಕೋಚ ಬೇಡ.

ಬಂದವರು ಫ್ಯೂಸ್ ಕಿತ್ತು ಅದೇ ವೈರಿಗೆ ಎಂಸಿಬಿ ಸಿಕ್ಕಿಸಿ ಅರ್ಧ ದಿನದಲ್ಲಿ ಮುಗಿಸುತ್ತೇನೆ ಅಂದರೆ ಒಪ್ಪಬೇಡಿ. ಹಳೇ ರಬ್ಬರ್ ವೈರ್ ಇರುವ ಮನೆಯಾದರೆ, ಬೋರ್ಡಿನ ಹಿಂದೆ ಅದನ್ನು ಸ್ವಲ್ಪ ಬಗ್ಗಿಸಿದ ಕೂಡಲೇ ಮೇಲಿನ ಹೊದಿಕೆ ಹಪ್ಪಳದ ಹಾಗೆ ಪುಡಿಯಾಗಿ ಉದುರುತ್ತದೆ, ಬರೀ ತಾಮ್ರ ನಿಲ್ಲುತ್ತದೆ. ಅಂಥ ವೈರಿಗೆ ಎಷ್ಟು ಒಳ್ಳೇ ಎಂಸಿಬಿ ಹಾಕಿದರೂ ಅಷ್ಟೇ. ಮೊದಲು ಮೆಗ್ಗರ್ ಅನ್ನುವ ಉಪಕರಣ ಇಟ್ಟು 500 ವೋಲ್ಟಿನಲ್ಲಿ ವೈರಿನ ಹೊದಿಕೆ ಎಷ್ಟು ತಡೆಯುತ್ತದೆ ಅಂತ ಅಳೆಯಲಿ, ಪ್ರತಿ ಲೈನೂ ಕನಿಷ್ಠ 1 ಮೆಗಾಓಮ್ ತೋರಿಸಬೇಕು. ಅಳೆಯುವ ಮೊದಲು ಎಲ್ಇಡಿ ಬಲ್ಬು, ಟಿವಿ, ಯುಪಿಎಸ್ ಎಲ್ಲ ಬಿಚ್ಚಿಡಬೇಕು, ಇಲ್ಲದಿದ್ದರೆ ಅವು ಹೋಗುತ್ತವೆ. ಕಮ್ಮಿ ಬಂದ ಲೈನಿಗೆ ಹೊಸ ವೈರ್. ದುಡ್ಡಿನ ಲೆಕ್ಕ ಇದ್ದರೆ ಅಡುಗೆಮನೆ, ಬಚ್ಚಲುಮನೆ ಮೊದಲು, ಉಳಿದದ್ದು ಮುಂದಿನ ವರ್ಷ.

ಎಂಸಿಬಿ ರೇಟಿಂಗನ್ನೂ ವೈರ್ ನೋಡಿಯೇ ಆರಿಸಬೇಕು. 1.5 ಚದರ ಮಿಲಿಮೀಟರ್ ತಾಮ್ರದ ಲೈಟ್ ಲೈನಿಗೆ 6 ಅಥವಾ 10, 2.5ರ ಪ್ಲಗ್ ಲೈನಿಗೆ 16, ಗೀಸರ್ ಎಸಿಗೆ 4ರ ವೈರ್ ಎಳೆದು 20. ಬೀಳುತ್ತಿದೆ ಅಂತ 16 ತೆಗೆದು 32 ಹಾಕುವುದು ಹೊಸ ಕಾಲದ ನಾಲ್ಕು ಎಳೆ ತಾಮ್ರ. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಅಂತ ಇರುತ್ತದೆ, ಅದನ್ನೂ ನೋಡಿ, ಎಸಿ ಸೇರಿಸುತ್ತಿದ್ದರೆ ಬೆಸ್ಕಾಂನಲ್ಲಿ ಲೋಡ್ ಹೆಚ್ಚಿಸಲು ಅರ್ಜಿ ಹಾಕಿ.

ಎಂಸಿಬಿ ಜೊತೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್, ಹಾಕಿಸಿ. ನಿಮಗೆ ಶಾಕ್ ಹೊಡೆದಾಗ ಕಡಿಯುವುದು ಅದೊಂದೇ. ಹಳೇ ಮನೆಯಲ್ಲಿ ಅದು ಹಾಕಿದ ಕೂಡಲೇ ಬೀಳುವುದು ಮಾಮೂಲು. ಎರಡು ಲೈನಿನ ನ್ಯೂಟ್ರಲ್ ಎಲ್ಲೋ ಸ್ವಿಚ್ ಬೋರ್ಡಿನಲ್ಲಿ ಕೂಡಿಕೊಂಡಿರುತ್ತದೆ, ಅಥವಾ ಯಾರೋ ನ್ಯೂಟ್ರಲ್ಲನ್ನೇ ಅರ್ಥಿಗೆ ಸೇರಿಸಿರುತ್ತಾರೆ, ಅಥವಾ ಗೀಸರಿನಿಂದ ನಿಜವಾಗಿಯೇ ಕರೆಂಟ್ ಸೋರುತ್ತಿರುತ್ತದೆ. "ಹಳೇ ಮನೆಗೆ ಇದು ಆಗಿಬರುವುದಿಲ್ಲ ಸಾರ್, ಬೈಪಾಸ್ ಮಾಡಿದ್ದೇನೆ" ಅನ್ನುತ್ತಾರೆ. ಬಿಡಬೇಡಿ. ತಪ್ಪು ಹುಡುಕುವುದಕ್ಕೆ ಒಂದು ದಿನದ ಕೂಲಿ ಜಾಸ್ತಿ ಕೊಡಿ, ಆದರೆ ಅದು ಹುಡುಕಿಯೇ ಹೋಗಲಿ. ಅರ್ಥ್ ಗುಂಡಿಯ ಪೈಪಿನಿಂದ ಬೋರ್ಡಿನವರೆಗೆ ತಂತಿ ತುಂಡಾಗದೆ ಇದೆಯಾ ಅನ್ನುವುದನ್ನೂ ಅದೇ ದಿನ ನೋಡಿಸಿ, ಹಳೇ ಕಬ್ಬಿಣದ ತಂತಿ ನೆಲದ ಹತ್ತಿರ ತುಕ್ಕು ತಿಂದು ಹೋಗಿರುತ್ತದೆ.

ಬಾಡಿಗೆ ಮನೆಯಾದರೆ ಬೋರ್ಡ್ ಬದಲಾಯಿಸುವುದು ಓನರ್ ಕೆಲಸ. ಬಾಯಲ್ಲಿ ಹೇಳಿದರೆ "ನೋಡೋಣ" ಅನ್ನುತ್ತಾರೆ. ಕರಕಲಾದ ಕ್ಯಾರಿಯರ್, ಸುತ್ತಿದ ತಾಮ್ರದ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿ, ಅವರ ಆಸ್ತಿಗೆ ಬೆಂಕಿ ಬೀಳುವ ಮಾತು ಬಂದರೆ ಬೇಗ ಕೇಳಿಸಿಕೊಳ್ಳುತ್ತಾರೆ. ಅಲ್ಲಿಯವರೆಗೆ ಮೆಟ್ಟಿಲ ಕೆಳಗಿನ ಪೇಪರ್ ಕಟ್ಟನ್ನು ಹಳೇ ಪೇಪರಿನವನಿಗೆ ಹಾಕಿಬಿಡಿ, ಸರಿಯಾದ ಫ್ಯೂಸ್ ವೈರ್ ತಂದು ಬೋರ್ಡಿನ ಪಕ್ಕದಲ್ಲೇ ಒಂದು ಕವರಿನಲ್ಲಿ ಕಟ್ಟಿ ನೇತುಹಾಕಿ.